ನಿಮ್ಮ ಷೇರಿರುವ ಕಂಪನಿಯನ್ನು ಇನ್ನೊಬ್ಬರು ಕೊಂಡಾಗ: ಷೇರುದಾರರಿಗೆ ಹಂತ ಹಂತದ ಮಾರ್ಗದರ್ಶಿ

ಷೇರು ಕೊಂಡು ಇಟ್ಟಿದ್ದೀರಿ. ಒಂದು ಬೆಳಿಗ್ಗೆ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಳ್ಳುತ್ತಿದೆ ಎಂಬ ಸುದ್ದಿ ಬರುತ್ತದೆ. ಬೆಲೆ ಒಂದೇ ಏಟಿಗೆ ಮೇಲೆ ಹೋಗಿರುತ್ತದೆ. ಕೆಲವರು ಸಿಕ್ಕಿದ್ದೇ ಲಾಭ ಎಂದು ಆತುರದಲ್ಲಿ ಮಾರಿಬಿಡುತ್ತಾರೆ. ಇನ್ನು ಕೆಲವರು, ಹೇಗೂ ದುಡ್ಡು ತಾನಾಗಿಯೇ ಬರುತ್ತದಲ್ಲ ಎಂದು ಸುಮ್ನೆ ಕೂರುತ್ತಾರೆ. ಎರಡೂ ಕೆಲವೊಮ್ಮೆ ಸರಿಯೇ. ಆದರೆ ಯಾಕೆ ಸರಿ ಎಂದು ತಿಳಿಯದೆ ಮಾಡಿದರೆ ಕೈಗೆ ಬರಬೇಕಾದ ದುಡ್ಡು ತಪ್ಪಿಹೋಗಬಹುದು.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಘೋಷಣೆಯಾದ ದಿನ ನಿಮ್ಮ ಷೇರಿಗೆ ಏನೂ ಆಗಿರುವುದಿಲ್ಲ. ಅದು ನಿನ್ನೆ ಇದ್ದ ಹಾಗೆಯೇ ಖಾತೆಯಲ್ಲಿರುತ್ತದೆ. ಮಾರಬಹುದು, ಇಟ್ಟುಕೊಳ್ಳಬಹುದು, ಮತ ಹಾಕಬಹುದು. ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು ಕೊಳ್ಳುವುದಾಗಿ ಮೈಕ್ರೋಸಾಫ್ಟ್ 2022ರ ಜನವರಿಯಲ್ಲಿ ಹೇಳಿತು. ಡೀಲ್ ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ಷೇರುದಾರ ಮಾಡಬೇಕಾದ ತೀರ್ಮಾನಗಳೆಲ್ಲ ಬರುವುದು ಈ ನಡುವಿನ ಕಾಲದಲ್ಲೇ.

ಹಂತ 1: ಸುದ್ದಿ ಯಾವ ಬಗೆಯದು ಎಂದು ಗುರುತಿಸಿ

"ಕೊಳ್ಳುತ್ತಿದ್ದಾರೆ" ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಸಂಗತಿಗಳು ಇರುತ್ತವೆ.

ಇಡೀ ಕಂಪನಿಯೇ ಮಾರಾಟವಾಗುತ್ತಿದ್ದರೆ ಕೊನೆಗೆ ನಿಮ್ಮ ಷೇರು ಇಲ್ಲವಾಗುತ್ತದೆ. ಬದಲಿಗೆ ಹಣವೋ ಬೇರೆ ಕಂಪನಿಯ ಷೇರೋ ಸಿಗುತ್ತದೆ. ಕೊಳ್ಳುವವರು ಒಂದು ಪಾಲನ್ನು ಮಾತ್ರ ಕೊಳ್ಳುತ್ತಿದ್ದರೆ ನಿಮ್ಮ ಷೇರು ಉಳಿಯುತ್ತದೆ, ಯಜಮಾನಿಕೆ ಮಾತ್ರ ಬದಲಾಗುತ್ತದೆ. ಕಂಪನಿ ತನ್ನ ಒಂದು ವಿಭಾಗವನ್ನೋ ಕಾರ್ಖಾನೆಯನ್ನೋ ಮಾರುತ್ತಿದ್ದರೆ ದುಡ್ಡು ಕಂಪನಿಯ ಖಜಾನೆಗೆ ಹೋಗುತ್ತದೆ. ಅದನ್ನು ಡಿವಿಡೆಂಡ್ ಆಗಿ ಹಂಚುತ್ತಾರೋ ಸಾಲ ತೀರಿಸುತ್ತಾರೋ ಎಂಬುದು ಬೋರ್ಡಿನ ತೀರ್ಮಾನ. ಇನ್ನು ನಿಮ್ಮ ಕಂಪನಿಯೇ ಕೊಳ್ಳುವ ಕಡೆ ಇದ್ದರೆ ನಿಮ್ಮ ಷೇರಿನ ಸಂಖ್ಯೆ ಹಾಗೇ ಇರುತ್ತದೆ. ಆದರೆ ಹೊಸ ಷೇರು ಹೊರಡಿಸಿ ಕೊಳ್ಳುತ್ತಿದ್ದರೆ ನಿಮ್ಮ ಪಾಲು ತೆಳುವಾಗುತ್ತದೆ, ಸಾಲ ತಂದು ಕೊಳ್ಳುತ್ತಿದ್ದರೆ ಹೊರೆ ಏರುತ್ತದೆ. ಕೊಳ್ಳುವ ಕಂಪನಿಯ ಷೇರು ಘೋಷಣೆಯ ದಿನ ಇಳಿಯುವುದು ಸಾಮಾನ್ಯ. ಅದಕ್ಕೆ ಗಾಬರಿ ಬೇಡ, ಆದರೆ ಎಷ್ಟು ಬೆಲೆ ಕೊಡುತ್ತಿದ್ದಾರೆ ಎಂದು ಮಾತ್ರ ನೋಡಿ.

ಸುದ್ದಿ ಎಷ್ಟು ಗಟ್ಟಿ ಎಂಬುದನ್ನೂ ನೋಡಬೇಕು. ಮಾತುಕತೆ ನಡೆದಿದೆಯಂತೆ ಎಂಬುದು ಒಂದು, ಕೊಳ್ಳುವ ಇಚ್ಛೆಯಿದೆ ಎಂಬ ಪತ್ರ ಇನ್ನೊಂದು, ಎರಡೂ ಕಡೆ ಸಹಿ ಬಿದ್ದ ಒಪ್ಪಂದ ಮತ್ತೊಂದು. ಮೂರನೆಯದಕ್ಕೆ ಮಾತ್ರ ನಿಜವಾದ ತೂಕ. ಬ್ರಿಟನ್ನಿನಲ್ಲಿ ಇದಕ್ಕೆ ಒಂದು ಒಳ್ಳೆಯ ನಿಯಮವಿದೆ. ಕೊಳ್ಳುವವರ ಹೆಸರು ಹೊರಬಿದ್ದ ಮೇಲೆ 28 ದಿನಗಳೊಳಗೆ ಖಚಿತವಾದ ಆಫರ್ ಇಡಬೇಕು, ಇಲ್ಲವೇ ಹಿಂದೆ ಸರಿಯಬೇಕು. ಗಡುವು ವಿಸ್ತರಿಸಬೇಕೆಂದರೆ ಅನುಮತಿ ಬೇಕು. ಷೇರುದಾರರನ್ನು ತಿಂಗಳುಗಟ್ಟಲೆ ಊಹಾಪೋಹದಲ್ಲಿ ತೂಗಾಡಿಸಬಾರದು ಎಂಬುದೇ ಇದರ ಉದ್ದೇಶ.

ಹಂತ 2: ನಿಮಗೆ ಸಿಗುವುದು ಏನು ಎಂದು ಲೆಕ್ಕ ಹಾಕಿ

ಬೇರೆಲ್ಲಕ್ಕಿಂತ ಇದಕ್ಕೆ ಜಾಸ್ತಿ ಸಮಯ ಕೊಡಿ. ನಾಲ್ಕು ಬಗೆಯಲ್ಲಿ ಬರುತ್ತದೆ.

*ಪೂರ್ತಿ ನಗದು.* ಎಲ್ಲಕ್ಕಿಂತ ಸರಳ. 2022ರಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಪ್ರತಿ ಷೇರಿಗೆ 54.20 ಡಾಲರ್. ಡೀಲ್ ಅಕ್ಟೋಬರ್ 27ರಂದು ಮುಗಿಯಿತು, ಷೇರು ರದ್ದಾಯಿತು, ಅದರ ಬದಲು ಹಣ ಖಾತೆಗೆ ಬಂತು. ಆಮೇಲೆ ಕಂಪನಿ ಏರಲಿ ಬೀಳಲಿ, ಹಳೆಯ ಷೇರುದಾರರಿಗೆ ಸಂಬಂಧವಿಲ್ಲ. ನಗದಿನ ಅನುಕೂಲವೂ ಮಿತಿಯೂ ಅದೇ.

*ಷೇರಿಗೆ ಷೇರು.* ಇಲ್ಲಿ ಒಂದು ಅನುಪಾತ ಇರುತ್ತದೆ. ಎಚ್‌ಡಿಎಫ್‌ಸಿ ಲಿಮಿಟೆಡ್ 2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾದಾಗ ಹಳೆಯ ಕಂಪನಿಯ 25 ಷೇರಿಗೆ ಬ್ಯಾಂಕಿನ 42 ಷೇರು ಕೊಟ್ಟರು. ನಿಮ್ಮ ಹತ್ತಿರ 110 ಷೇರು ಇದ್ದವು ಎಂದುಕೊಳ್ಳಿ. 110ನ್ನು 42ರಿಂದ ಗುಣಿಸಿ 25ರಿಂದ ಭಾಗಿಸಿದರೆ 184.8. ಖಾತೆಗೆ ಬರುವುದು 184 ಷೇರು. ಉಳಿದ 0.8 ಷೇರನ್ನು ಯಾರೂ ನುಂಗುವುದಿಲ್ಲ. ಇಂಥ ಎಲ್ಲರ ಚೂರುಗಳನ್ನು ಒಟ್ಟು ಸೇರಿಸಿ ಮಾರುಕಟ್ಟೆಯಲ್ಲಿ ಮಾರಿ, ಬಂದ ಹಣವನ್ನು ಅವರವರ ಪಾಲಿಗೆ ತಕ್ಕಂತೆ ಹಂಚುತ್ತಾರೆ. ಅದು ಕೆಲವು ವಾರ ತಡವಾಗಿ ಬರುತ್ತದೆ. ಬಂದಾಗ ಇದು ಯಾವ ದುಡ್ಡು ಎಂದು ತಲೆ ಕೆರೆದುಕೊಳ್ಳುವವರು ಬಹಳ ಜನ.

ಅನುಪಾತ ನಿಗದಿಯಾಗಿದೆ ಎಂದರೆ ಬೆಲೆ ನಿಗದಿಯಾಗಿದೆ ಎಂದಲ್ಲ. ಇದನ್ನು ಮರೆಯುವವರೇ ಜಾಸ್ತಿ. 2000ದ ಜನವರಿಯಲ್ಲಿ ಇಂಟರ್ನೆಟ್ ಕಂಪನಿ ಎಒಎಲ್ ಮತ್ತು ಮಾಧ್ಯಮ ಕಂಪನಿ ಟೈಮ್ ವಾರ್ನರ್ ಒಂದಾಗುವುದಾಗಿ ಘೋಷಿಸಿದವು. ಟೈಮ್ ವಾರ್ನರ್‌ನ ಒಂದು ಷೇರಿಗೆ ಹೊಸ ಕಂಪನಿಯ ಒಂದೂವರೆ ಷೇರು. ಇಂಟರ್ನೆಟ್ ಕಂಪನಿಗಳ ಬೆಲೆ ಆಕಾಶ ಮುಟ್ಟಿದ್ದ ಕಾಲ ಅದು. ಒಂದು ವರ್ಷದ ನಂತರ ಡೀಲ್ ಮುಗಿಯುವಷ್ಟರಲ್ಲಿ ಎಒಎಲ್ ಷೇರು ಬಹಳಷ್ಟು ಇಳಿದಿತ್ತು. ಅನುಪಾತ ಮಾತ್ರ ಹಾಗೇ ಇತ್ತು. 2002ರಲ್ಲಿ ಆ ಕಂಪನಿ ಸುಮಾರು 99 ಬಿಲಿಯನ್ ಡಾಲರ್ ನಷ್ಟ ತೋರಿಸಿತು. ಷೇರಿಗೆ ಷೇರು ಎಂದರೆ ನೀವು ಮಾರುತ್ತಿರುವುದರ ಜೊತೆಗೆ ಇನ್ನೊಂದನ್ನು ಕೊಳ್ಳುತ್ತಲೂ ಇದ್ದೀರಿ. ಕೊಳ್ಳುತ್ತಿರುವುದನ್ನು ಹೊಸದಾಗಿ ಷೇರು ಕೊಳ್ಳುವಾಗ ನೋಡುವಷ್ಟೇ ಎಚ್ಚರದಿಂದ ನೋಡಿ.

ಕೆಲವು ಒಪ್ಪಂದಗಳಲ್ಲಿ ಅನುಪಾತದ ಬದಲು ಮೌಲ್ಯ ನಿಗದಿಯಾಗಿರುತ್ತದೆ. "ಇಷ್ಟು ಮೊತ್ತಕ್ಕೆ ಸರಿಯಾಗುವಷ್ಟು ಷೇರು" ಎಂದು ಬರೆದಿರುತ್ತಾರೆ. ಇನ್ನು ಕೆಲವದರಲ್ಲಿ ಕೊಳ್ಳುವ ಕಂಪನಿಯ ಬೆಲೆ ಒಂದು ಮಿತಿಗಿಂತ ಏರಿದರೆ ಅಥವಾ ಇಳಿದರೆ ಅನುಪಾತ ಬದಲಾಗುತ್ತದೆ. ಇದನ್ನು ಕಾಲರ್ ಎನ್ನುತ್ತಾರೆ. ನಿಮ್ಮದು ಯಾವುದು ಎಂದು ಒಪ್ಪಂದ ನೋಡಿಯೇ ತಿಳಿಯಬೇಕು.

*ಹಣವೋ ಷೇರೋ, ಆಯ್ಕೆ ನಿಮ್ಮದು.* ಕೇಳಲು ಚೆನ್ನಾಗಿದೆ, ಆದರೆ ಕೇಳಿದ್ದೆಲ್ಲ ಸಿಗುವುದಿಲ್ಲ. ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡಾಗ ಒಂದು ಷೇರಿಗೆ 142.50 ಡಾಲರ್ ನಗದು ಅಥವಾ ಬ್ರಾಡ್‌ಕಾಮ್‌ನ 0.2520 ಷೇರು ಎಂದು ಆಯ್ಕೆ ಕೊಟ್ಟಿತು. ಒಟ್ಟಾರೆ ಅರ್ಧ ಭಾಗ ನಗದು, ಅರ್ಧ ಭಾಗ ಷೇರು ಎಂಬ ಕಟ್ಟೂ ಇತ್ತು. 2023ರ ನವೆಂಬರ್‌ನಲ್ಲಿ ಡೀಲ್ ಮುಗಿಯುವ ಹೊತ್ತಿಗೆ ಬ್ರಾಡ್‌ಕಾಮ್ ಷೇರು 900 ಡಾಲರ್ ದಾಟಿತ್ತು. 0.2520ನ್ನು 900ರಿಂದ ಗುಣಿಸಿ ನೋಡಿ, 226 ಡಾಲರ್‌ಗೂ ಜಾಸ್ತಿ. ಇನ್ನೊಂದು ಕಡೆ 142.50. ಎಲ್ಲರೂ ಷೇರನ್ನೇ ಕೇಳುತ್ತಾರೆ, ಅಲ್ವಾ? ಹಾಗೆ ಎಲ್ಲರೂ ಷೇರು ಕೇಳಿದರೆ 100 ಷೇರು ಇದ್ದವರಿಗೆ ಸಿಗುವುದು 50 ಷೇರಿನ ಬದಲಾಗಿ 12.6 ಬ್ರಾಡ್‌ಕಾಮ್ ಷೇರು, ಉಳಿದ 50ಕ್ಕೆ 7,125 ಡಾಲರ್ ನಗದು. ಆದರೂ ಆಯ್ಕೆ ತಿಳಿಸಲೇಬೇಕು. ನಗದನ್ನು ಕೇಳಿದವರಿಗೆ ಇಂಥ ಸಂದರ್ಭದಲ್ಲಿ ಪೂರ್ತಿ ನಗದೇ ಸಿಗುತ್ತದೆ, ಅದೂ ಕಡಿಮೆ ಮೊತ್ತ. ಏನೂ ತಿಳಿಸದೆ ಇದ್ದವರಿಗೆ ಏನು ಕೊಡುತ್ತಾರೆ ಎಂಬುದನ್ನು ಒಪ್ಪಂದದಲ್ಲೇ ಬರೆದಿರುತ್ತಾರೆ. ಅದು ನಿಮಗೆ ಅನುಕೂಲವಾಗಿಯೇ ಇರಬೇಕೆಂದೇನೂ ಇಲ್ಲ. ಬ್ರೋಕರ್ ಕೊಡುವ ಗಡುವು ಕಂಪನಿಯ ಗಡುವಿಗಿಂತ ಒಂದೆರಡು ದಿನ ಮೊದಲೇ ಮುಗಿಯುತ್ತದೆ, ಅದನ್ನೂ ಗಮನಿಸಿ.

*ಮುಂದೆ ಸಿಕ್ಕರೂ ಸಿಗಬಹುದಾದ ಹಣ.* ಔಷಧ ಕಂಪನಿಗಳ ಮಾರಾಟದಲ್ಲಿ ಇದು ಜಾಸ್ತಿ. ಸಿವಿಆರ್ (ಕಂಟಿಂಜೆಂಟ್ ವ್ಯಾಲ್ಯೂ ರೈಟ್, ಅಂದರೆ ಷರತ್ತು ಈಡೇರಿದರೆ ಮಾತ್ರ ಹಣ ಪಡೆಯುವ ಹಕ್ಕು) ಎನ್ನುತ್ತಾರೆ. 2019ರಲ್ಲಿ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಸೆಲ್ಜೀನ್ ಅನ್ನು ಕೊಂಡಾಗ ಪ್ರತಿ ಷೇರಿಗೆ ತನ್ನ ಒಂದು ಷೇರು, 50 ಡಾಲರ್ ನಗದು, ಜೊತೆಗೆ ಒಂದು ಸಿವಿಆರ್ ಕೊಟ್ಟಿತು. ಮೂರು ಔಷಧಗಳಿಗೂ ನಿಗದಿತ ದಿನದೊಳಗೆ ಸರ್ಕಾರದ ಒಪ್ಪಿಗೆ ಸಿಕ್ಕರೆ ಆ ಸಿವಿಆರ್‌ಗೆ 9 ಡಾಲರ್. ಒಂದು ಔಷಧದ ಗಡುವು 2020ರ ಡಿಸೆಂಬರ್ 31. ಒಪ್ಪಿಗೆ ಬಂದದ್ದು 2021ರ ಫೆಬ್ರವರಿ 5ರಂದು. ಐದೇ ವಾರ ತಡ, ಕೈಗೆ ಬಂದದ್ದು ಸೊನ್ನೆ. ಹಾಗಾಗಿ "ಒಟ್ಟು ಇಷ್ಟು ಡಾಲರ್ ಮೌಲ್ಯದ ಡೀಲ್" ಎಂಬ ತಲೆಬರಹ ನೋಡಿದಾಗ ಅದರಲ್ಲಿ ಖಚಿತ ಹಣ ಎಷ್ಟು, ಷರತ್ತಿನ ಹಣ ಎಷ್ಟು ಎಂದು ಬಿಡಿಸಿ ನೋಡಿ. ನನ್ನ ಲೆಕ್ಕದಲ್ಲಿ ಷರತ್ತಿನ ಹಣವನ್ನು ಮೊದಲು ಸೊನ್ನೆ ಎಂದೇ ಹಿಡಿಯುವುದು ಒಳ್ಳೆಯದು.

ಹಂತ 3: ಆಫರ್ ಬೆಲೆಗೂ ಮಾರುಕಟ್ಟೆ ಬೆಲೆಗೂ ಇರುವ ಅಂತರ ಓದಿ

ಆಕ್ಟಿವಿಷನ್‌ಗೆ ಮೈಕ್ರೋಸಾಫ್ಟ್ ಕೊಡುತ್ತೇನೆಂದದ್ದು 95 ಡಾಲರ್. ಘೋಷಣೆಯ ದಿನ ಷೇರು ನಿಂತದ್ದು 82 ಡಾಲರ್ ಆಸುಪಾಸಿನಲ್ಲಿ. 95 ಕೊಡುತ್ತಾರೆಂದು ಗೊತ್ತಿದ್ದೂ ಜನ 82ಕ್ಕೆ ಯಾಕೆ ಮಾರಿದರು? ಡೀಲ್ ಆಗದೇ ಹೋಗಬಹುದು, ಆಗುವುದಾದರೂ ಬಹಳ ದಿನ ಹಿಡಿಯಬಹುದು ಎಂಬ ಅಂದಾಜಿನಿಂದ. ನಿಜಕ್ಕೂ 2023ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಅದನ್ನು ತಡೆಯಿತು. ಷರತ್ತು ಬದಲಾಯಿಸಿದ ಮೇಲೆ ಒಪ್ಪಿತು. ಕಾದವರಿಗೆ 95 ಸಿಕ್ಕಿತು.

ಈ ಅಂತರವನ್ನು ಅಂಕಿಯಲ್ಲಿ ಓದಬಹುದು. ಆಫರ್ 100, ಸುದ್ದಿಗೆ ಮುಂಚಿನ ಬೆಲೆ 70, ಈಗಿನ ಬೆಲೆ 94 ಎಂದುಕೊಳ್ಳಿ. ಡೀಲ್ ಆದರೆ ನಿಮಗೆ ಇನ್ನೂ 6 ಸಿಗುತ್ತದೆ. ಮುರಿದುಬಿದ್ದು ಬೆಲೆ ಹಳೆಯ ಜಾಗಕ್ಕೇ ಹೋದರೆ 24 ಕಳೆದುಕೊಳ್ಳುತ್ತೀರಿ. 94ರಿಂದ 70 ಕಳೆದರೆ 24, ನೂರರಿಂದ 70 ಕಳೆದರೆ 30. 24ನ್ನು 30ರಿಂದ ಭಾಗಿಸಿದರೆ 0.8. ಅಂದರೆ ಡೀಲ್ ಆಗುವ ಸಾಧ್ಯತೆ ನೂರಕ್ಕೆ 80 ಎಂದು ಮಾರುಕಟ್ಟೆ ಹೆಚ್ಚುಕಡಿಮೆ ಅಂದಾಜಿಸಿದೆ. ನಿಮಗೆ ಅದಕ್ಕಿಂತ ಹೆಚ್ಚು ಭರವಸೆ ಇದ್ದರೆ ಕಾಯಬಹುದು. ಇಲ್ಲದಿದ್ದರೆ ಈಗಲೇ 94 ತಗೊಂಡು ಹೊರಬರುವುದರಲ್ಲಿ ಯಾವ ತಪ್ಪೂ ಇಲ್ಲ. 94ರ ಮೇಲೆ 6 ಎಂದರೆ ಶೇ. 6.4. ಒಂದು ವರ್ಷ ಕಾದು ಇಷ್ಟೇ ಬರುವುದಾದರೆ ಅದೇ ದುಡ್ಡು ಬೇರೆ ಕಡೆ ಎಷ್ಟು ದುಡಿಯುತ್ತದೆ ಎಂದೂ ನೋಡಿ.

ಮುರಿದುಬಿದ್ದರೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದಕ್ಕೆ ಸ್ಪಿರಿಟ್ ಏರ್‌ಲೈನ್ಸ್ ಸಾಕ್ಷಿ. ಇನ್ನೊಂದು ವಿಮಾನ ಕಂಪನಿ ಜೆಟ್‌ಬ್ಲೂ ಪ್ರತಿ ಷೇರಿಗೆ 33.50 ಡಾಲರ್ ಕೊಡಲು 2022ರ ಜುಲೈನಲ್ಲಿ ಒಪ್ಪಿತ್ತು. 2024ರ ಜನವರಿ 16ರಂದು ಅಮೆರಿಕದ ನ್ಯಾಯಾಧೀಶರು ಸ್ಪರ್ಧೆಗೆ ಧಕ್ಕೆಯಾಗುತ್ತದೆಂದು ಡೀಲ್ ತಡೆದರು. ಅದೊಂದೇ ದಿನ ಷೇರು ಶೇ. 47ರಷ್ಟು ಬಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಂದೇ ಉದ್ಯಮದ ಎರಡು ಕಂಪನಿಗಳು ಒಂದಾಗುವಾಗ ಈ ಅಪಾಯ ಜಾಸ್ತಿ.

ಬೆಲೆ ಆಫರ್‌ಗಿಂತ ಮೇಲೆ ಹೋಗಿದ್ದರೆ ಅರ್ಥ ಬೇರೆ. ಇನ್ನೊಬ್ಬರು ಹೆಚ್ಚು ಕೊಡಲು ಬರಬಹುದು ಎಂದು ಮಾರುಕಟ್ಟೆ ಕಾಯುತ್ತಿದೆ. ಆಗ ಆಫರ್ ಒಪ್ಪಿಕೊಳ್ಳಲು ಆತುರ ಬೇಡ.

ಹಂತ 4: ಕಂಪನಿ ಕಳಿಸಿದ ದಾಖಲೆ ತೆರೆಯಿರಿ

ನೂರಾರು ಪುಟ ಇರುತ್ತದೆ, ಪೂರ್ತಿ ಓದಬೇಕಿಲ್ಲ. ಮೊದಲು ಪ್ರಶ್ನೋತ್ತರದ ಪುಟಗಳನ್ನು ಓದಿ. ಆಮೇಲೆ ಷರತ್ತುಗಳ ಭಾಗಕ್ಕೆ ಹೋಗಿ. ಯಾವ ಯಾವ ಸರ್ಕಾರಗಳ ಒಪ್ಪಿಗೆ ಬೇಕು, ಕೊಳ್ಳುವವರ ಹತ್ತಿರ ಹಣ ಸಿದ್ಧವಿದೆಯೋ ಸಾಲ ತರಬೇಕೋ, ಎಷ್ಟರೊಳಗೆ ಮುಗಿಯದಿದ್ದರೆ ಒಪ್ಪಂದ ಬಿದ್ದುಹೋಗುತ್ತದೆ, ಹಿಂದೆ ಸರಿದವರು ಎಷ್ಟು ದಂಡ ಕಟ್ಟಬೇಕು. ನಡುವೆ ಬರುವ ಡಿವಿಡೆಂಡ್ ನಿಮಗೆ ಸಿಗುತ್ತದೆಯೋ ಇಲ್ಲವೋ ಎಂಬುದೂ ಅಲ್ಲೇ ಇರುತ್ತದೆ.

ಒಪ್ಪಂದ ಗಟ್ಟಿಯಾಗಿ ಬರೆದಿದ್ದರೆ ಅದು ಷೇರುದಾರರನ್ನು ಕಾಯುತ್ತದೆ. ಟ್ವಿಟರ್ ಒಪ್ಪಂದದಿಂದ ಮಸ್ಕ್ 2022ರ ಜುಲೈನಲ್ಲಿ ಹೊರಬರಲು ಹೊರಟಾಗ ಷೇರು 35 ಡಾಲರ್‌ಗಿಂತ ಕೆಳಗಿಳಿಯಿತು. ಕಂಪನಿ ಡೆಲವೇರ್ (ಅಮೆರಿಕದ ಹಲವು ದೊಡ್ಡ ಕಂಪನಿಗಳು ನೋಂದಣಿಯಾಗಿರುವ ರಾಜ್ಯ) ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ ಮಸ್ಕ್ ಹಳೆಯ ಬೆಲೆಗೇ ಕೊಂಡರು. ಹೆದರಿ ಮಾರಿದವರಿಗೂ ಒಪ್ಪಂದ ಓದಿ ಕಾದವರಿಗೂ ಷೇರಿಗೆ 20 ಡಾಲರ್‌ನಷ್ಟು ವ್ಯತ್ಯಾಸ.

ಇನ್ನೊಂದು ಭಾಗವನ್ನು ನಾನು ತಪ್ಪದೇ ಓದುತ್ತೇನೆ: ನಿರ್ದೇಶಕರಿಗೂ ಮೇಲಧಿಕಾರಿಗಳಿಗೂ ಈ ಡೀಲ್‌ನಿಂದ ಏನು ಸಿಗುತ್ತದೆ ಎಂಬ ಭಾಗ. ಅವರಿಗೆ ದೊಡ್ಡ ಮೊತ್ತ ಕಾದಿದ್ದರೆ ಡೀಲ್ ಕೆಟ್ಟದ್ದು ಎಂದೇನಲ್ಲ. ಆದರೆ "ಷೇರುದಾರರಿಗೆ ಇದೇ ಒಳ್ಳೆಯದು" ಎಂಬ ಅವರ ಶಿಫಾರಸನ್ನು ಎಷ್ಟು ನೆಚ್ಚಬಹುದು ಎಂದು ಅಳೆಯಲು ಅದು ಬೇಕು. ಡೀಲ್ ಹುಟ್ಟಿದ್ದು ಹೇಗೆ ಎಂಬ ಅಧ್ಯಾಯವನ್ನೂ ನೋಡಿ. ಎಷ್ಟು ಜನ ಕೊಳ್ಳಲು ಬಂದಿದ್ದರು, ಬೆಲೆ ಎಷ್ಟರಿಂದ ಎಷ್ಟಕ್ಕೆ ಏರಿತು, ಎಲ್ಲವೂ ದಿನಾಂಕ ಸಮೇತ ಇರುತ್ತದೆ. ಒಬ್ಬರ ಜೊತೆಗಷ್ಟೇ ಮಾತಾಡಿ ಒಪ್ಪಿಕೊಂಡಿದ್ದರೆ ಪ್ರಶ್ನೆ ಕೇಳಲೇಬೇಕು.

ಹಂತ 5: ಮತ ಹಾಕಿ, ಯೋಚಿಸಿ ಹಾಕಿ

ಇಡೀ ಕಂಪನಿ ವಿಲೀನವಾಗುವುದಾದರೆ ಷೇರುದಾರರ ಮತ ಬೇಕಾಗುತ್ತದೆ. ಡೆಲವೇರ್ ಕಾನೂನಿನಲ್ಲಿ ಒಟ್ಟು ಷೇರುಗಳ ಅರ್ಧಕ್ಕಿಂತ ಹೆಚ್ಚು ಒಪ್ಪಬೇಕು. ಮತ ಹಾಕದೆ ಇದ್ದರೆ ಬೇಡ ಎಂದಂತೆಯೇ ಲೆಕ್ಕ. ಭಾರತದಲ್ಲಿ ಮತ ಹಾಕಿದವರಲ್ಲಿ ತಲೆ ಲೆಕ್ಕದಲ್ಲಿ ಬಹುಮತ, ಷೇರಿನ ಮೌಲ್ಯದ ಲೆಕ್ಕದಲ್ಲಿ ನಾಲ್ಕರಲ್ಲಿ ಮೂರು ಭಾಗ ಒಪ್ಪಬೇಕು. ಮತದ ರೆಕಾರ್ಡ್ ಡೇಟ್ ದಿನ ಯಾರ ಹೆಸರಿನಲ್ಲಿ ಷೇರು ಇರುತ್ತದೋ ಅವರಿಗೆ ಮತ.

ಬೆಲೆ ತೀರಾ ಕಡಿಮೆ ಎನಿಸಿದರೆ ಕೆಲವು ದೇಶಗಳಲ್ಲಿ ನ್ಯಾಯಾಲಯಕ್ಕೆ ಹೋಗಿ ನ್ಯಾಯವಾದ ಬೆಲೆ ಕೇಳುವ ಹಕ್ಕಿದೆ. ಡೆಲವೇರ್‌ನಲ್ಲಿ ಇದಕ್ಕೆ ಕಟ್ಟುನಿಟ್ಟಿನ ನಿಯಮ. ಮತದಾನಕ್ಕೆ ಮುಂಚೆಯೇ ಲಿಖಿತವಾಗಿ ತಿಳಿಸಬೇಕು, ಡೀಲ್ ಪರ ಮತ ಹಾಕಿರಬಾರದು. 2013ರಲ್ಲಿ ಮೈಕೆಲ್ ಡೆಲ್ ತಮ್ಮ ಕಂಪನಿಯನ್ನು ಷೇರಿಗೆ 13.75 ಡಾಲರ್‌ನಂತೆ ಕೊಂಡು ಷೇರುಪೇಟೆಯಿಂದ ಹೊರತೆಗೆದು ಖಾಸಗಿ ಮಾಡಿಕೊಂಡಾಗ ಟಿ. ರೋ ಪ್ರೈಸ್ ಎಂಬ ದೊಡ್ಡ ಹೂಡಿಕೆ ಸಂಸ್ಥೆ ಬಹಿರಂಗವಾಗಿಯೇ ವಿರೋಧಿಸಿತು. ಆದರೆ ಅವರ ಮತ ವ್ಯವಸ್ಥೆಯ ಎಡವಟ್ಟಿನಿಂದ ಮತ ಬಿದ್ದದ್ದು ಪರವಾಗಿ. 2016ರಲ್ಲಿ ನ್ಯಾಯಾಲಯ ನ್ಯಾಯವಾದ ಬೆಲೆ 17.62 ಡಾಲರ್ ಎಂದಿತು. ಪರವಾಗಿ ಮತ ಹಾಕಿದ್ದ ಕಾರಣ ಟಿ. ರೋ ಪ್ರೈಸ್‌ಗೆ ಅದನ್ನು ಕೇಳುವ ಹಕ್ಕೇ ಇರಲಿಲ್ಲ. ತನ್ನ ಗ್ರಾಹಕರಿಗೆ ಅದು ಸುಮಾರು 194 ಮಿಲಿಯನ್ ಡಾಲರ್ ತುಂಬಿಕೊಟ್ಟಿತು. 2017ರ ಡಿಸೆಂಬರ್‌ನಲ್ಲಿ ಮೇಲಿನ ನ್ಯಾಯಾಲಯ ಆ 17.62ರ ತೀರ್ಪನ್ನೂ ತಳ್ಳಿಹಾಕಿತು. ಅಂದರೆ ಈ ದಾರಿ ಉದ್ದ, ಖರ್ಚಿನದ್ದು, ಫಲ ಖಚಿತವಿಲ್ಲ. ಸಣ್ಣ ಹೂಡಿಕೆದಾರರಿಗೆ ಒಂಟಿಯಾಗಿ ಹೋಗಲು ನಾನು ಹೇಳುವುದಿಲ್ಲ.

ಹಂತ 6: ಓಪನ್ ಆಫರ್ ಬಂದರೆ

ಇಲ್ಲಿ ಕೊಳ್ಳುವವರು ನೇರವಾಗಿ ಷೇರುದಾರರನ್ನೇ ಕೇಳುತ್ತಾರೆ. ಭಾರತದಲ್ಲಿ ಒಬ್ಬರ ಪಾಲು ಶೇ. 25 ಮುಟ್ಟಿದರೆ ಕನಿಷ್ಠ ಇನ್ನೂ ಶೇ. 26ಕ್ಕೆ ಓಪನ್ ಆಫರ್ ಕೊಡಬೇಕು ಎಂದು ಷೇರುಪೇಟೆಯ ನಿಯಂತ್ರಕ ಸೆಬಿಯ 2011ರ ನಿಯಮ ಹೇಳುತ್ತದೆ. ಬ್ರಿಟನ್ನಿನಲ್ಲಿ ಶೇ. 30 ಮುಟ್ಟಿದರೆ ಉಳಿದೆಲ್ಲ ಷೇರಿಗೂ ಆಫರ್ ಕೊಡಬೇಕು. ಷೇರು ಒಪ್ಪಿಸಲು ಭಾರತದಲ್ಲಿ 10 ಕೆಲಸದ ದಿನ ಸಿಗುತ್ತದೆ, ಅಮೆರಿಕದಲ್ಲಿ ಕನಿಷ್ಠ 20.

ಮಿತಿಯಿರುವ ಆಫರ್‌ಗೆ ಜಾಸ್ತಿ ಜನ ಷೇರು ಒಪ್ಪಿಸಿದರೆ ಎಲ್ಲರಿಂದಲೂ ಪಾಲಿಗೆ ತಕ್ಕಷ್ಟೇ ತೆಗೆದುಕೊಳ್ಳುತ್ತಾರೆ. 100 ಒಪ್ಪಿಸಿದರೆ 60 ಹೋಗಿ 40 ವಾಪಸ್ ಬರಬಹುದು. ಆ ನಲವತ್ತರ ಬೆಲೆ ಆಫರ್ ಮುಗಿದ ಮೇಲೆ ಇಳಿಯಬಹುದು. ನೀವು ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಒಪ್ಪಿಸದೇ ಉಳಿದರೆ? ಎರಡು ಬಗೆಯಲ್ಲಿ ಮುಗಿಯಬಹುದು. ಕೊಳ್ಳುವವರ ಹತ್ತಿರ ಶೇ. 90ರಷ್ಟು ಸೇರಿಬಿಟ್ಟರೆ ಭಾರತ, ಬ್ರಿಟನ್, ಅಮೆರಿಕ ಮೂರೂ ಕಡೆ ಉಳಿದವರನ್ನು ಹಣ ಕೊಟ್ಟು ಹೊರಗೆ ಕಳಿಸುವ ದಾರಿ ಕಾನೂನಿನಲ್ಲಿದೆ. ಅಷ್ಟು ಸೇರದಿದ್ದರೆ ನೀವು ಹೊಸ ಯಜಮಾನರ ಕೆಳಗೆ ಸಣ್ಣ ಪಾಲುದಾರರಾಗಿ ಉಳಿಯುತ್ತೀರಿ. ಅದು ಯಾವಾಗಲೂ ಕೆಟ್ಟದ್ದಲ್ಲ. 2019ರಲ್ಲಿ ಎಲ್ ಆ್ಯಂಡ್ ಟಿ ಮೈಂಡ್‌ಟ್ರೀ ಷೇರಿಗೆ 980 ರೂಪಾಯಿಯ ಓಪನ್ ಆಫರ್ ಕೊಟ್ಟಾಗ ಮೈಂಡ್‌ಟ್ರೀ ಸ್ಥಾಪಕರು ಬಲವಾಗಿ ವಿರೋಧಿಸಿದ್ದರು. ಆಗ ಒಪ್ಪಿಸದೆ ಉಳಿದವರ ಷೇರು 2022ರ ನವೆಂಬರ್‌ನಲ್ಲಿ ಎಲ್ ಆ್ಯಂಡ್ ಟಿ ಇನ್ಫೋಟೆಕ್ ಷೇರಾಗಿ ಬದಲಾಯಿತು, 100ಕ್ಕೆ 73ರಂತೆ. ಆದರೆ ದಿನವಹಿ ವ್ಯಾಪಾರ ಕಡಿಮೆಯಿರುವ ಸಣ್ಣ ಕಂಪನಿಯಾದರೆ ಉಳಿಯುವ ಮುಂಚೆ ಎರಡು ಸಲ ಯೋಚಿಸಿ. ಮುಂದೆ ಮಾರಬೇಕೆಂದಾಗ ಕೊಳ್ಳುವವರೇ ಸಿಗದಿರಬಹುದು.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಶೇ. 5ಕ್ಕಿಂತ ಕಡಿಮೆ ಷೇರಿಗೆ ಕೊಡುವ ಮಿನಿ ಟೆಂಡರ್ ಆಫರ್‌ಗಳಿಗೆ ಸಾಮಾನ್ಯ ಆಫರ್‌ನಷ್ಟು ರಕ್ಷಣೆ ಇಲ್ಲ. ಮಾರುಕಟ್ಟೆ ಬೆಲೆಗಿಂತ ಕಡಿಮೆಗೇ ಕೇಳುವ ಆಫರ್‌ಗಳೂ ಬರುತ್ತವೆ. ಪತ್ರ ಬಂತೆಂದು ಸಹಿ ಹಾಕಬೇಡಿ, ಅವತ್ತಿನ ಬೆಲೆ ನೋಡಿ.

ಹಂತ 7: ಕಂಪನಿ ಮುಳುಗುತ್ತಿರುವಾಗ ಕೊಂಡರೆ

ಇಲ್ಲಿ ಮೇಲಿನ ಮಾತು ಬಹಳಷ್ಟು ಅನ್ವಯಿಸುವುದಿಲ್ಲ. ಸಾಲ ಕೊಟ್ಟವರು ಮೊದಲು, ಪ್ರಿಫರೆನ್ಸ್ (ಆದ್ಯತೆಯ) ಷೇರಿನವರು ಆಮೇಲೆ, ಸಾಮಾನ್ಯ ಷೇರುದಾರರು ಕೊನೆಗೆ. 2008ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಬೇರ್ ಸ್ಟರ್ನ್ಸ್‌ಗೆ ಇನ್ನೊಂದು ಬ್ಯಾಂಕ್ ಜೆಪಿ ಮಾರ್ಗನ್ ಮೊದಲು ಷೇರಿಗೆ 2 ಡಾಲರ್ ಎಂದಿತು, ಗಲಾಟೆಯಾದ ಮೇಲೆ 10ಕ್ಕೆ ಏರಿಸಿತು. 2023ರಲ್ಲಿ ಸ್ವಿಟ್ಜರ್ಲೆಂಡಿನ ಬ್ಯಾಂಕ್ ಕ್ರೆಡಿಟ್ ಸ್ವಿಸ್‌ನ 22.48 ಷೇರಿಗೆ ಯುಬಿಎಸ್‌ನ ಒಂದು ಷೇರು ಸಿಕ್ಕಿತು. ಷೇರುದಾರರ ಮತವನ್ನೇ ಕೇಳಲಿಲ್ಲ. 2020ರ ನವೆಂಬರ್‌ನಲ್ಲಿ ಲಕ್ಷ್ಮಿ ವಿಲಾಸ ಬ್ಯಾಂಕ್ ಡಿಬಿಎಸ್ ಇಂಡಿಯಾ ಬ್ಯಾಂಕಿನಲ್ಲಿ ಸೇರಿದಾಗ ಷೇರುದಾರರಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಠೇವಣಿದಾರರ ಹಣ ಉಳಿಯಿತು, ಷೇರು ಪೂರ್ತಿ ರದ್ದಾಯಿತು. "ಯಾರಾದರೂ ದೊಡ್ಡವರು ಕೊಳ್ಳುತ್ತಾರೆ, ಷೇರು ಏರುತ್ತದೆ" ಎಂದು ಮುಳುಗುವ ಬ್ಯಾಂಕಿನ ಷೇರು ಕೊಳ್ಳುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕೊಳ್ಳುವುದು ಬ್ಯಾಂಕನ್ನು ಉಳಿಸಲು. ಷೇರುದಾರರನ್ನು ಉಳಿಸುತ್ತಾರೆ ಎಂಬ ಭರವಸೆ ಅದರಲ್ಲಿ ಇರುವುದಿಲ್ಲ.

ಹಂತ 8: ಡೀಲ್ ಮುಗಿದ ವಾರ

ಷೇರು ಡಿಮ್ಯಾಟ್ ಖಾತೆಯಲ್ಲೋ ಬ್ರೋಕರ್ ಖಾತೆಯಲ್ಲೋ ಇದ್ದರೆ ನೀವು ಮಾಡಬೇಕಾದ್ದು ಏನೂ ಇಲ್ಲ. ಹಳೆಯ ಷೇರಿನ ವಹಿವಾಟು ನಿಲ್ಲುತ್ತದೆ, ಖಾತೆಯಿಂದ ಮಾಯವಾಗುತ್ತದೆ. ಹೊಸ ಷೇರೋ ಹಣವೋ ಬರಲು ಕೆಲವು ದಿನ ಹಿಡಿಯುತ್ತದೆ. ಆ ನಡುವಿನ ದಿನಗಳಲ್ಲಿ ಖಾತೆಯ ಮೊತ್ತ ಒಮ್ಮೆಲೇ ಕಡಿಮೆ ಕಾಣುತ್ತದೆ, ಗಾಬರಿಯಾಗಬೇಡಿ. ಒಂದು ವಾರ ಹತ್ತು ದಿನ ಕಳೆದರೂ ಬರದಿದ್ದರೆ ಬ್ರೋಕರ್‌ಗೆ ಬರೆಯಿರಿ. ಅನುಪಾತದ ಲೆಕ್ಕ ನೀವೇ ಹಾಕಿ, ಬಂದ ಸಂಖ್ಯೆಯ ಜೊತೆ ತಾಳೆ ನೋಡಿ.

ಕಾಗದದ ಷೇರು ಪತ್ರ ಇದ್ದವರ ಪಾಡು ಬೇರೆ. ಪತ್ರವನ್ನು ಅರ್ಜಿಯ ಜೊತೆ ಕಂಪನಿ ನೇಮಿಸಿದ ಏಜೆಂಟರಿಗೆ ಕಳಿಸಿದರೇ ಹಣ. ಕಪಾಟಿನಲ್ಲಿ ಹಿರಿಯರ ಹೆಸರಿನ ಹಳೆಯ ಪತ್ರ ಸಿಕ್ಕರೆ, ಆ ಹೆಸರಿನ ಕಂಪನಿ ಈಗ ಇಲ್ಲವೆಂದು ಎಸೆಯಬೇಡಿ. ಮೊಬಿಲ್ ಎಂಬ ಕಂಪನಿ ಈಗ ಪ್ರತ್ಯೇಕವಾಗಿ ಇಲ್ಲ. ಆದರೆ 1999ರಲ್ಲಿ ಎಕ್ಸಾನ್ ಜೊತೆ ಸೇರಿದಾಗ ಅದರ ಒಂದು ಷೇರು 1.32015 ಎಕ್ಸಾನ್ ಮೊಬಿಲ್ ಷೇರಾಯಿತು. ಕಂಪನಿ ಯಾವುದರಲ್ಲಿ ಸೇರಿತು, ಅದು ಮತ್ತೆ ಯಾವುದರಲ್ಲಿ ಸೇರಿತು ಎಂದು ಹುಡುಕುತ್ತಾ ಹೋಗಿ, ಕೊನೆಯ ಕಂಪನಿಯ ಷೇರು ರಿಜಿಸ್ಟ್ರಾರ್‌ಗೆ (ಷೇರುದಾರರ ದಾಖಲೆ ಇಡುವ ಸಂಸ್ಥೆಗೆ) ಬರೆಯಿರಿ. ಯಾರೂ ಕೇಳದ ಹಣ ಕೆಲವು ವರ್ಷದ ನಂತರ ಸರ್ಕಾರದ ವಶಕ್ಕೆ ಹೋಗುತ್ತದೆ. ಹಲವು ಕಡೆ ಅಲ್ಲಿಂದಲೂ ಅರ್ಜಿ ಹಾಕಿ ಪಡೆಯಬಹುದು.

ನೀವು ಆ ಕಂಪನಿಯ ಉದ್ಯೋಗಿಯಾಗಿದ್ದು ಸ್ಟಾಕ್ ಆಪ್ಷನ್ (ಮೊದಲೇ ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕು) ಇದ್ದರೆ ಅದನ್ನು ಕೊಟ್ಟ ಪತ್ರವನ್ನೂ ಒಪ್ಪಂದವನ್ನೂ ಜೊತೆಗಿಟ್ಟು ಓದಿ. ಈಗಾಗಲೇ ಕೈಸೇರಿದ, ಅಂದರೆ ಬಳಸುವ ಹಕ್ಕು ಬಂದಿರುವ ಆಪ್ಷನ್‌ಗೆ ಸಾಮಾನ್ಯವಾಗಿ ಆಫರ್ ಬೆಲೆಗೂ ನಿಮ್ಮ ಆಪ್ಷನ್ ಬೆಲೆಗೂ ಇರುವ ವ್ಯತ್ಯಾಸ ಸಿಗುತ್ತದೆ. ಆಪ್ಷನ್ ಬೆಲೆಯೇ ಹೆಚ್ಚಿದ್ದರೆ ಅದು ಏನೂ ಕೊಡದೆ ರದ್ದಾಗಬಹುದು. ಇನ್ನೂ ಕೈಸೇರದವು ಹೊಸ ಕಂಪನಿಯ ಷೇರಿಗೆ ಬದಲಾಗಿ ಅದೇ ವೇಳಾಪಟ್ಟಿಯಲ್ಲಿ ಮುಂದುವರಿಯುವುದು ವಾಡಿಕೆ. ಹೊಸ ಯಜಮಾನರು ನಿಮ್ಮನ್ನು ಕೆಲಸದಿಂದ ತೆಗೆದರೆ ಅವುಗಳ ಗತಿ ಏನು ಎಂಬ ಸಾಲನ್ನು ಹುಡುಕಿ ಓದಿ.

ಹಂತ 9: ತೆರಿಗೆ ಮತ್ತು ಲೆಕ್ಕ

ನಗದು ಬಂದರೆ ಅದು ಷೇರು ಮಾರಿದಂತೆಯೇ. ನೀವು ಕೇಳದೇ ಆದ ಮಾರಾಟವಾದರೂ ಲಾಭದ ಮೇಲೆ ತೆರಿಗೆ ಬರುತ್ತದೆ, ಆ ವರ್ಷವೇ. ಷೇರಿಗೆ ಷೇರು ಬಂದರೆ ಭಾರತ, ಅಮೆರಿಕ ಸೇರಿ ಹಲವು ದೇಶಗಳಲ್ಲಿ, ಷರತ್ತುಗಳು ಕೂಡಿಬಂದರೆ, ಆಗ ತೆರಿಗೆ ಇಲ್ಲ. ಹೊಸ ಷೇರು ಮಾರಿದಾಗ ಕಟ್ಟಬೇಕು. ಅಷ್ಟು ಹೊತ್ತಿಗೆ ಹಳೆಯ ಖರೀದಿ ಬೆಲೆ ನೆನಪಿರಬೇಕಲ್ಲ, ತೊಂದರೆ ಅಲ್ಲೇ.

ಮೇಲಿನ 110 ಷೇರನ್ನೇ ತಗೊಳ್ಳಿ. ಒಂದಕ್ಕೆ 2,100 ರೂಪಾಯಿಯಂತೆ ಕೊಂಡಿದ್ದರೆ ಒಟ್ಟು 2,31,000. ಅದನ್ನು 184.8ರಿಂದ ಭಾಗಿಸಿದರೆ ಹೊಸ ಷೇರಿನ ಖರೀದಿ ಬೆಲೆ 1,250 ರೂಪಾಯಿ. 184 ಷೇರಿಗೆ 2,30,000. ಉಳಿದ 1,000 ಆ 0.8 ಚೂರಿನ ಖರೀದಿ ಬೆಲೆ. ಚೂರಿಗೆ ಬಂದ ಹಣದಲ್ಲಿ ಅದನ್ನು ಕಳೆದು ಲಾಭ ಲೆಕ್ಕ ಹಾಕಬೇಕು. ಇಟ್ಟುಕೊಂಡ ಅವಧಿಯನ್ನೂ ಹಳೆಯ ಷೇರು ಕೊಂಡ ದಿನದಿಂದಲೇ ಎಣಿಸಬೇಕು, ಹೊಸದು ಬಂದ ದಿನದಿಂದಲ್ಲ. ಬ್ರೋಕರ್ ಆ್ಯಪ್‌ನಲ್ಲಿ ಕೆಲವೊಮ್ಮೆ ಹೊಸ ಷೇರಿನ ಖರೀದಿ ಬೆಲೆ ಸೊನ್ನೆ ಎಂದೋ ತಪ್ಪು ದಿನಾಂಕವೆಂದೋ ಕಾಣುತ್ತದೆ. ಅದನ್ನೇ ನಂಬಿ ತೆರಿಗೆ ಲೆಕ್ಕ ಮಾಡಿದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ಷೇರು ಮತ್ತು ನಗದು ಎರಡೂ ಸೇರಿ ಬಂದಿದ್ದರೆ ಲೆಕ್ಕ ತೊಡಕಿನದು, ನಿಮ್ಮ ದೇಶದ ನಿಯಮ ಬಲ್ಲ ತೆರಿಗೆ ಸಲಹೆಗಾರರನ್ನು ಕೇಳಿ.

ಹಳೆಯ ಖರೀದಿಯ ಚೀಟಿ, ವಿಲೀನದ ಅನುಪಾತ ಇರುವ ಪ್ರಕಟಣೆ, ಚೂರಿನ ಹಣ ಬಂದ ಬ್ಯಾಂಕ್ ನಮೂದು, ಈ ಮೂರನ್ನು ಒಂದೇ ಫೋಲ್ಡರಿನಲ್ಲಿ ಹಾಕಿ, ಹೊಸ ಷೇರಿನ ಹೆಸರಿನಲ್ಲಿ ಉಳಿಸಿ. ಹಳೆಯ ಕಂಪನಿಯ ವೆಬ್‌ಸೈಟ್ ಬಹಳ ದಿನ ಇರುವುದಿಲ್ಲ, ಪ್ರಕಟಣೆಯನ್ನು ಡೀಲ್ ಮುಗಿದ ವಾರವೇ ಇಳಿಸಿಕೊಳ್ಳಿ.